ಬಡಿಸಿದ ತಟ್ಟೆಯ ಮುಂದೆ ಆಡಿದ ಮಾತು

ಸಂಕ್ರಾಂತಿ ಮುಗಿದ ಮೇಲೆ ನನಗೆ ಬರುವ ಪತ್ರಗಳಲ್ಲಿ ಊಟದ ಮೇಲಿನ ನೋವಿನವೇ ಹೆಚ್ಚು. ಹಬ್ಬಕ್ಕೆ ನೆಂಟರು ಬರುತ್ತಾರೆ, ಉಣ್ಣುತ್ತಾರೆ, ಒಂದು ಮಾತು ಆಡಿ ಹೋಗುತ್ತಾರೆ. ಆಡಿದವರು ಬಸ್ಸು ಹತ್ತುವ ಮೊದಲೇ ಅದನ್ನು ಮರೆತಿರುತ್ತಾರೆ. ಅಡುಗೆ ಮಾಡಿದವರು ತಿಂಗಳಾದ ಮೇಲೂ ಅದನ್ನೇ ನೆನೆದು ನನಗೆ ಬರೆಯುತ್ತಾರೆ. ಈ ಸಲ ನಾಲ್ಕು ಪತ್ರಗಳನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದನ್ನು ಓದಿದ ದಿನ ನನಗೆ ಬೇರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯವಳು. ಪತಿಯದು ಹಾಸನದ ಕಡೆ. ಮದುವೆಯಾಗಿ ಆರು ವರ್ಷ, ಬೆಂಗಳೂರಿನಲ್ಲಿದ್ದೇವೆ. ಈ ಸಲ ಭೋಗಿಯ ದಿನ ಪತಿಯ ಅಕ್ಕನ ಕುಟುಂಬವನ್ನು ಊಟಕ್ಕೆ ಕರೆದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಮಾದಲಿ ಎಲ್ಲ ಮಾಡಿದೆ. ಅತ್ತಿಗೆ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, ‘ನಮ್ಮೂರಲ್ಲಿ ಇದನ್ನು ದನಕ್ಕೆ ಹಾಕುತ್ತಾರೆ’ ಎಂದರು. ಎಲ್ಲರೂ ನಕ್ಕರು. ನನ್ನ ಪತಿಯೂ ನಕ್ಕರು. ಅರ್ಧ ಗಂಟೆಯಲ್ಲಿ ಬಾಗಿಲಲ್ಲಿ ಹೋಟೆಲಿನ ಊಟ ಬಂದು ನಿಂತಿತು. ಅತ್ತಿಗೆ ನನಗೆ ಹೇಳದೆ ಮೊಬೈಲಿನಲ್ಲಿ ತರಿಸಿದ್ದರು. ರಾತ್ರಿ ಕೇಳಿದರೆ ಪತಿ, ‘ಅತಿಥಿ ದೇವೋ ಭವ ಎನ್ನುತ್ತಾರೆ, ಇದನ್ನು ದೊಡ್ಡದು ಮಾಡಬೇಡ’ ಎಂದರು. ಮುಂದಿನ ಸಲ ಅವರ ಕಡೆಯ ಅಡುಗೆಯನ್ನೇ ಮಾಡಬೇಕೇ? ಕರೆಯುವುದನ್ನೇ ಬಿಡಬೇಕೇ? ಉಳಿದ ಹದಿನೆಂಟು ರೊಟ್ಟಿಗಳನ್ನು ನಾನೊಬ್ಬಳೇ ಮೂರು ದಿನ ತಿಂದೆ.

ಉತ್ತರ: ತಂಗಿ, ನಾನು ನಿನಗಿಂತ ಬಹಳ ದೊಡ್ಡವಳು, ನಿನ್ನ ಸೀಮೆಯವಳೇ. ಆದ್ದರಿಂದ ಏಕವಚನದಲ್ಲೇ ಮಾತನಾಡುತ್ತೇನೆ. ನಿನ್ನ ಪತ್ರದ ಕೊನೆಯ ಸಾಲು ನನ್ನ ಹೊಟ್ಟೆಗೆ ಬಡಿಯಿತು. ಹದಿನೆಂಟು ರೊಟ್ಟಿ ಎಂದರೆ ಎಷ್ಟು ಕೆಲಸ ಎಂಬುದು ರೊಟ್ಟಿ ಬಡಿದವಳಿಗೆ ಮಾತ್ರ ಗೊತ್ತು. ಗೋಧಿ ಹಿಟ್ಟಿನಲ್ಲಿರುವ ಜಿಗುಟು ಸಜ್ಜೆಯಲ್ಲಿ ಇಲ್ಲ, ಜೋಳದಲ್ಲೂ ಇಲ್ಲ. ಕುದಿಯುವ ಎಸರು ಹಾಕಿ, ಬೆರಳು ಸುಡುವಾಗಲೇ ಹಿಟ್ಟು ನಾದಬೇಕು. ಎಸರು ಕಡಿಮೆಯಾದರೆ ಅಂಚು ಬಿರಿಯುತ್ತದೆ. ಸಜ್ಜೆ ಹಿಟ್ಟು ಇಟ್ಟರೆ ಬೇಗ ಕಹಿಯಾಗುತ್ತದೆ, ಆದ್ದರಿಂದ ಹಬ್ಬ ಹತ್ತಿರ ಬಂದ ಮೇಲೆಯೇ ಬೀಸಿಸಬೇಕು. ಬೆಂಗಳೂರಿನಲ್ಲಿ ಸಜ್ಜೆ ಬೀಸಿಕೊಡುವ ಗಿರಣಿ ಹುಡುಕಿಕೊಂಡು ನೀನು ಎಷ್ಟು ಬೀದಿ ಅಲೆದೆಯೋ ನೀನು ಬರೆದಿಲ್ಲ. ಬಡಿಯುವಾಗ ಕೈ ಒಂದೇ ಹದದಲ್ಲಿ ಬೀಳಬೇಕು, ಎಳ್ಳು ಉದುರದಂತೆ ಅಂಗೈಯಿಂದ ಒತ್ತಬೇಕು, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಲ್ಲಿ ನೀರು ಸವರಿ ತಿರುವಬೇಕು. ಒಂದೊಂದು ರೊಟ್ಟಿಗೂ ನಿಂತೇ ಇರಬೇಕು. ಹೀಗೆ ಮಾಡಿದ್ದನ್ನು ಒಬ್ಬರು ಎರಡು ಬೆರಳಲ್ಲಿ ಎತ್ತಿ ದನದ ಮಾತು ಆಡಿದರು. ನಿನಗೆ ನೋವಾದದ್ದು ಸರಿಯೇ ಇದೆ. ‘ನಾನು ಅತಿಯಾಗಿ ಮನಸ್ಸಿಗೆ ಹಚ್ಚಿಕೊಳ್ಳುತ್ತಿದ್ದೇನೆಯೇ’ ಎಂದು ಇನ್ನು ನಿನ್ನನ್ನು ನೀನೇ ಕೇಳಿಕೊಳ್ಳಬೇಡ.

ನಿನ್ನ ಅತ್ತಿಗೆಯ ಊರಿನ ಕಡೆ ಜೋಳವನ್ನು ಮೇವಿಗಾಗಿ ಬೆಳೆಯುವುದುಂಟು. ಆಕೆ ಹಸಿರು ದಂಟನ್ನು ಕೊಯ್ದು ದನಕ್ಕೆ ಹಾಕುವುದನ್ನು ಚಿಕ್ಕಂದಿನಿಂದ ಕಂಡಿರಬಹುದು, ಸಜ್ಜೆಯನ್ನೂ ಜೋಳವೆಂದೇ ತಿಳಿದಿರಬಹುದು. ನಮ್ಮ ಎರೆಭೂಮಿಯಲ್ಲಿ ಮುಂಗಾರು ಮುಗಿದ ಮೇಲೆ ಹಿಂಗಾರಿನಲ್ಲಿ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಮಳೆ ಬರದಿದ್ದರೂ ನೆಲ ಹಿಡಿದಿಟ್ಟುಕೊಂಡ ತೇವದಲ್ಲೇ ಅದು ತೆನೆಗಟ್ಟುತ್ತದೆ. ಅವರ ಕಡೆಯ ಕೆಂಪುಮಣ್ಣು ಅಷ್ಟು ತೇವ ಹಿಡಿಯುವುದಿಲ್ಲ, ಅಲ್ಲಿ ರಾಗಿ ನಿಂತಿತು. ಅನ್ನ ಎರಡೂ ಕಡೆಯ ಬಯಲುಸೀಮೆಯಲ್ಲಿ ಹಬ್ಬದ ಊಟವಾಗಿತ್ತು. ನನ್ನ ಅಜ್ಜಿಯ ಮನೆಯಲ್ಲಿ ಅಕ್ಕಿ ಒಂದು ಸಣ್ಣ ಗಡಿಗೆಯಲ್ಲಿರುತ್ತಿತ್ತು. ಕಾಯಿಲೆಯವರಿಗೆ, ಬೀಗರಿಗೆ, ಹಬ್ಬಕ್ಕೆ. ನಿನ್ನ ಅತ್ತಿಗೆಯ ಅಜ್ಜಿಯೂ ದಿನಾ ಅನ್ನ ಉಂಡವರಾಗಿರಲಿಕ್ಕಿಲ್ಲ. ಮುದ್ದೆ ತಿನ್ನುವವರನ್ನು ಪಟ್ಟಣದ ಜನ ಗೇಲಿ ಮಾಡಿದ ಕಾಲವೂ ಇತ್ತು. ತನ್ನ ಧಾನ್ಯಕ್ಕೆ ಅವಮಾನವಾದದ್ದನ್ನು ಕಂಡ ಮನೆಯವರೇ ಇನ್ನೊಬ್ಬರ ಧಾನ್ಯವನ್ನು ಅವಮಾನಿಸುವುದು ನನಗೆ ಎಲ್ಲಕ್ಕಿಂತ ಹೆಚ್ಚು ದುಃಖದ ಸಂಗತಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಸಜ್ಜೆ, ಜೋಳ, ರಾಗಿ ಎಲ್ಲ ಅದರಲ್ಲಿ ಸೇರಿದ್ದವು. ಜಗತ್ತು ಒಂದೇ ಸಾಲಿನಲ್ಲಿ ಕೂರಿಸಿದ್ದನ್ನು ನಾವು ಮನೆಯೊಳಗೆ ಮೇಲು ಕೀಳು ಮಾಡುತ್ತಿದ್ದೇವೆ.

ಒಗ್ಗದ ಊಟವನ್ನು ಒಬ್ಬ ಮನುಷ್ಯ ಹೇಗೆ ಎದುರಿಸಬಹುದು ಎಂಬುದನ್ನು ನಾನು ನನ್ನ ಅಪ್ಪನಲ್ಲಿ ಕಂಡೆ. 1981ರಲ್ಲಿ ನನ್ನ ಮದುವೆಯಾಯಿತು, ಮೈಸೂರಿಗೆ ಬಂದೆ. ಮರುವರ್ಷ ಅಪ್ಪ ರೋಣ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಮೊದಲ ಬಾರಿ ಬೀಗರ ಮನೆಗೆ ಬಂದರು. ಅತ್ತೆ ಬಸ್ಸಾರು, ಮುದ್ದೆ ಬಡಿಸಿದರು. ಅಪ್ಪ ಅದುವರೆಗೆ ಮುದ್ದೆ ಕಂಡವರಲ್ಲ. ಒಂದು ತುಂಡು ಮುರಿದು ರೊಟ್ಟಿಯಂತೆ ಅಗಿಯತೊಡಗಿದರು. ಅದು ಹಲ್ಲಿಗೆ, ಅಂಗುಳಿಗೆ ಮೆತ್ತಿಕೊಂಡಿತು. ನಾನು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಅಪ್ಪ ನಿಧಾನವಾಗಿ ನೀರು ಕುಡಿದು ಅತ್ತೆಯವರ ಕಡೆ ತಿರುಗಿ, ‘ಅಕ್ಕಾ, ನಮ್ಮ ಸೀಮೆಯಲ್ಲಿ ಇದಿಲ್ಲ. ಉಣ್ಣುವ ರೀತಿ ಹೇಳಿಕೊಡಿ’ ಎಂದರು. ಅತ್ತೆ ಅಲ್ಲೇ ಕುಳಿತು ತೋರಿಸಿದರು. ಇಷ್ಟು ಚಿವುಟಿ, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಅಪ್ಪನಿಗೆ ಅಂದು ಅರ್ಧ ಮುದ್ದೆಯೂ ಇಳಿಯಲಿಲ್ಲ. ‘ಇವತ್ತು ಇಷ್ಟು ಸಾಕು, ರೂಢಿಯಾಗಲಿ’ ಎಂದರು. ಅವರಿಗೆ ಅದು ರುಚಿಸಲಿಲ್ಲ ಎಂಬುದು ಅತ್ತೆಗೆ ಗೊತ್ತಾಗಿತ್ತು, ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಇಬ್ಬರಿಗೂ ಬರಲಿಲ್ಲ. ಮುಂದೆ ಅಪ್ಪ ಬಂದಾಗಲೆಲ್ಲ ಅತ್ತೆ ಅವರಿಗಾಗಿ ಒಂದು ಚಿಕ್ಕ ಮುದ್ದೆ ಬೇರೆಯಾಗಿ ಕಟ್ಟುತ್ತಿದ್ದರು. ಅತ್ತೆಯೂ ನನ್ನ ಪಕ್ಕ ನಿಂತು ರೊಟ್ಟಿ ಬಡಿಯಲು ಕಲಿತರು. ಅವರ ರೊಟ್ಟಿಯ ಅಂಚು ಕೊನೆಯವರೆಗೂ ಬಿರಿಯುತ್ತಿತ್ತು, ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತಿದ್ದೆ.

ಈಗ ನಿನ್ನ ಪತಿಯ ವಿಷಯ. ಅತ್ತಿಗೆಯ ಮಾತಿಗಿಂತ ಅವರ ನಗು ನಿನಗೆ ಹೆಚ್ಚು ನೋಯಿಸಿದೆ, ನೀನು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ. ಬಂದವರು ಅವರ ಒಡಹುಟ್ಟಿದವರು, ಬಡಿಸುತ್ತಿದ್ದವಳು ಅವರ ಹೆಂಡತಿ. ಆ ಮನೆಯಲ್ಲಿ ಎರಡೂ ಕಡೆಗೆ ಸೇರಿದವರು ಅವರೊಬ್ಬರೇ. ಸೊಸೆ ಉತ್ತರ ಕೊಟ್ಟರೆ ಅದು ಜಗಳವಾಗುತ್ತದೆ, ತಮ್ಮ ಹೇಳಿದರೆ ಅಕ್ಕ ಕೇಳುತ್ತಾರೆ. ‘ಅಕ್ಕಾ, ಇದು ನಮ್ಮ ಮನೆಯ ಭೋಗಿಯ ಊಟ, ನಾನು ಆರು ವರ್ಷದಿಂದ ಉಣ್ಣುತ್ತಿದ್ದೇನೆ. ನಿನಗೆ ಒಗ್ಗದಿದ್ದರೆ ಅನ್ನ ಸಾರು ಬಡಿಸುತ್ತೇವೆ’ ಎಂದು ಅವರು ಸಮಾಧಾನವಾಗಿ ಹೇಳಿದ್ದರೆ ಸಾಕಿತ್ತು. ನಗು ಅಲ್ಲಿಗೇ ನಿಲ್ಲುತ್ತಿತ್ತು, ಅಕ್ಕನ ಮರ್ಯಾದೆಯೂ ಉಳಿಯುತ್ತಿತ್ತು. ಈ ಪುಟವನ್ನು ಅವರ ಕೈಗೆ ಕೊಡು. ‘ಅತಿಥಿ ದೇವೋ ಭವ’ ಎಂದು ಅವರು ಹೇಳಿದ್ದು ತೈತ್ತಿರೀಯ ಉಪನಿಷತ್ತಿನ ಮಾತು. ಅದೇ ಉಪನಿಷತ್ತಿನಲ್ಲಿ ಮುಂದೆ, ಭೃಗುವಲ್ಲಿ ಎಂಬ ಭಾಗದಲ್ಲಿ, ‘ಅನ್ನಂ ನ ನಿಂದ್ಯಾತ್, ತದ್ ವ್ರತಮ್’ ಎಂದೂ ಇದೆ. ಅನ್ನವನ್ನು ನಿಂದಿಸಬಾರದು, ಅದು ವ್ರತ. ಅತಿಥಿಯ ಹಕ್ಕನ್ನು ನೆನಪಿಟ್ಟುಕೊಂಡವರು ಈ ಸಾಲನ್ನೂ ನೆನಪಿಡಬೇಕು.

ಮುಂದಿನ ವರ್ಷವೂ ಕರೆ. ನಿನ್ನ ಭೋಗಿಯ ಅಡುಗೆಯನ್ನೇ ಮಾಡು, ಒಂದು ಪದಾರ್ಥವನ್ನೂ ಬಿಡಬೇಡ. ಜೊತೆಗೆ ಒಂದು ಪಾತ್ರೆ ಅನ್ನ, ತಿಳಿಸಾರು ಇಡು. ಅದು ಸೋಲಲ್ಲ, ಚಳಿಗೆ ಹೊಟ್ಟೆ ಕೆಟ್ಟವರು, ಹಲ್ಲಿಲ್ಲದ ಹಿರಿಯರು ಯಾವ ಮನೆಗೂ ಬರುತ್ತಾರೆ. ಕರೆಯುವಾಗಲೇ ನಿನ್ನ ಪತಿಯ ಬಾಯಿಂದ ಏನೇನು ಅಡುಗೆ ಎಂದು ಹೇಳಿಸು. ಬರುವವರು ತಿಳಿದೇ ಬರುತ್ತಾರೆ. ಹೋಟೆಲಿನಿಂದ ಹೇಳದೆ ತರಿಸಿದ್ದು ಮಾತ್ರ ನನ್ನ ಲೆಕ್ಕದಲ್ಲಿ ದನದ ಮಾತಿಗಿಂತ ದೊಡ್ಡ ತಪ್ಪು. ಬಾಯಿ ಜಾರಿ ಆಡಿದ ಮಾತಿಗೆ ಕ್ಷಮೆ ಇದೆ. ಊಟ ತರಿಸಿದ್ದು ಬೆರಳಿಟ್ಟು ಆರಿಸಿ, ಹಣ ಕೊಟ್ಟು ಮಾಡಿದ ಕೆಲಸ. ಮತ್ತೆ ಹಾಗಾದರೆ ತಂದ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸದೆ ಪೊಟ್ಟಣ ತೆಗೆದುಕೊ, ಅದನ್ನು ನಿನ್ನ ಮನೆಯ ತಟ್ಟೆಗಳಲ್ಲೇ ಹಾಕಿ, ಅವರ ಮಕ್ಕಳನ್ನು ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸು. ಮಕ್ಕಳ ಮೇಲೆ ಸಿಟ್ಟು ಬೇಡ. ನಿನ್ನ ತಟ್ಟೆಯಲ್ಲಿ ಎಣ್ಣೆಗಾಯಿ ಹಾಕಿಕೊಂಡು ನೀನು ಉಣ್ಣುವುದನ್ನು ಅವರು ನೋಡಲಿ. ಆ ಮಕ್ಕಳಲ್ಲಿ ಒಂದಾದರೂ ‘ಅತ್ತೇ, ನನಗೂ ಸ್ವಲ್ಪ’ ಎನ್ನುತ್ತದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಗೃಹವಿಜ್ಞಾನ ಪಾಠ ಮಾಡಿದವಳು ಈ ಮಾತು ಹೇಳುತ್ತಿದ್ದೇನೆ.

ಪ್ರಶ್ನೆ: ನನಗೆ ಅರವತ್ತೊಂದು ವರ್ಷ, ಶಿವಮೊಗ್ಗ. ಸಕ್ಕರೆ ಕಾಯಿಲೆ ಇದೆ. ಗೆಳೆಯನ ಮನೆಯ ಗೃಹಪ್ರವೇಶದಲ್ಲಿ ಹೋಳಿಗೆ ಬೇಡವೆಂದೆ. ಅವನ ಹೆಂಡತಿ ಕೇಳದೆ ಎರಡು ಹಾಕಿದರು. ನಾನು ಹಾಗೇ ಬಿಟ್ಟು ಎದ್ದೆ. ಈಗ ‘ಎಲೆಯಲ್ಲಿ ಹೋಳಿಗೆ ಬಿಟ್ಟು ಅವಮಾನ ಮಾಡಿದ’ ಎಂಬ ಮಾತು ಬಂದಿದೆ.

ಉತ್ತರ: ನೀವು ಅವಮಾನ ಮಾಡಿಲ್ಲ. ಬೇಡವೆಂದು ಕೈ ಅಡ್ಡ ಹಿಡಿದವರ ಎಲೆಗೆ ಬೆರಳುಗಳ ಸಂದಿಯಿಂದ ಹಾಕುವುದನ್ನು ನಾವು ಉಪಚಾರ ಎಂದು ಕರೆಯುತ್ತೇವೆ. ನನ್ನ ಕಾಲದಲ್ಲಿ ನಾನೂ ಹಾಗೆ ಬಡಿಸಿದ್ದೇನೆ, ಈಗ ಅದು ತಪ್ಪೆಂದು ತಿಳಿದಿದ್ದೇನೆ. ಮನೆಮನೆಯಲ್ಲಿ ಸಕ್ಕರೆ, ರಕ್ತದೊತ್ತಡದವರಿದ್ದಾರೆ. ಬಡಿಸುವವರು ಒಮ್ಮೆ ಕೇಳಬೇಕು, ಉತ್ತರವನ್ನು ನಂಬಬೇಕು. ನಿಮ್ಮ ಕಡೆಯಿಂದ ಒಂದು ಕೆಲಸ ಬಾಕಿ ಇದೆ. ಆ ತಾಯಿಗೆ ನಿಮ್ಮ ಕಾಯಿಲೆ ಗೊತ್ತಿತ್ತೋ ಇಲ್ಲವೋ ನೀವು ಬರೆದಿಲ್ಲ. ಒಂದು ಸಂಜೆ ಹೋಗಿ ಅವರಿಗೇ ನೇರವಾಗಿ ಹೇಳಿ, ಗೆಳೆಯನ ಮೂಲಕ ಹೇಳಿಸಬೇಡಿ. ಪಂಕ್ತಿಯಲ್ಲಿ ಕುಳಿತಾಗ ಅಕ್ಕಪಕ್ಕದವರಿಗೆ ಸಕ್ಕರೆಯ ಕೆಡುಕನ್ನು ವಿವರಿಸುವ ಅಭ್ಯಾಸವಿದ್ದರೆ ಮಾತ್ರ ಬಿಟ್ಟುಬಿಡಿ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಕುಳಿತಿರುತ್ತಾರೆ.

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು, ಬೆಂಗಳೂರಿನಲ್ಲಿ ಕೆಲಸ. ಕಚೇರಿಯ ಇಬ್ಬರು ಗೆಳತಿಯರು ಮನೆಗೆ ಬಂದಿದ್ದರು. ಅವರು ಸಸ್ಯಾಹಾರಿಗಳೆಂದು ಹೊಸ ಪಾತ್ರೆ ಕೊಂಡು ನೀರ್ ದೋಸೆ, ಕಾಯಿಹಾಲು, ಹೆಸರುಕಾಳಿನ ಗಸಿ ಮಾಡಿದ್ದೆ. ಕಪಾಟಿನಲ್ಲಿ ಅಮ್ಮ ಕಳಿಸಿದ ಒಣಸಿಗಡಿಯ ಡಬ್ಬಿ ಕಂಡು ಒಬ್ಬಾಕೆ ಮೂಗಿಗೆ ದುಪಟ್ಟಾ ಹಿಡಿದು, ‘ನಿಮ್ಮವರು ಇದನ್ನೆಲ್ಲ ಹೇಗೆ ತಿನ್ನುತ್ತೀರಿ’ ಎಂದಳು. ದೋಸೆ ಮುಟ್ಟದೆ ಇಬ್ಬರೂ ಎದ್ದು ಹೋದರು. ಈಗ ಕಚೇರಿಯಲ್ಲಿ ನನ್ನ ಊಟದ ಡಬ್ಬಿಯ ಬಗ್ಗೆ ಪಿಸುಮಾತು. ಇನ್ನು ಸಿಗಡಿ ಕಳಿಸಬೇಡ ಎಂದು ಅಮ್ಮನಿಗೆ ಹೇಳಲೇ?

ಉತ್ತರ: ಹೇಳಬೇಡ ಮಗಳೇ. ನಾನು ಹುಟ್ಟಿದಾಗಿನಿಂದ ಮೀನು, ಮಾಂಸ ತಿಂದವಳಲ್ಲ, ಆದ್ದರಿಂದಲೇ ಈ ಮಾತನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ಆಕೆಯ ವಾಕ್ಯದಲ್ಲಿ ‘ನಿಮ್ಮವರು’ ಎಂಬ ಪದವಿದೆ. ರುಚಿಯ ಬಗ್ಗೆ ಮಾತನಾಡುವವರಿಗೆ ಆ ಪದ ಬೇಕಾಗುವುದಿಲ್ಲ. ಉಪ್ಪು ಹೆಚ್ಚಾಯಿತು ಎನ್ನುವುದು ಪಲ್ಯದ ಮೇಲಿನ ಮಾತು. ಇದು ನಿನ್ನ ತಾಯಿಯ ಮೇಲೆ, ನಿನ್ನ ಕೇರಿಯ ಮೇಲೆ, ನೀನು ಹುಟ್ಟಿದ ಜಾತಿಯ ಮೇಲೆ ಆಡಿದ ಮಾತು. ದೋಸೆಯಲ್ಲಿ ಮೀನಿರಲಿಲ್ಲ, ಹೊಸ ಪಾತ್ರೆಯಲ್ಲಿ ಮಾಡಿದ್ದೆ, ಆದರೂ ಅವರು ಮುಟ್ಟಲಿಲ್ಲ. ಹಾಗಾದರೆ ಅವರು ಬಿಟ್ಟು ಹೋದದ್ದು ದೋಸೆಯನ್ನಲ್ಲ.

ಆ ಡಬ್ಬಿಯಲ್ಲಿ ಏನಿದೆ ಎಂಬುದು ನಿನಗೆ ಗೊತ್ತು, ಓದುವ ಉಳಿದವರಿಗಾಗಿ ಬರೆಯುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಒರಟಾಗಿರುತ್ತದೆ. ಆ ದಿನಗಳಿಗಾಗಿ ಬೇಸಿಗೆಯ ಬಿಸಿಲಿನಲ್ಲಿ ಮೀನು, ಸಿಗಡಿ ಒಣಗಿಸಿ ಇಡುತ್ತಾರೆ. ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಹಪ್ಪಳ, ಸಂಡಿಗೆ ಇಟ್ಟ ಹಾಗೆಯೇ. ಬಿಸಿಲಿಗೆ ಹರಡಿ, ಕಾಗೆ ಓಡಿಸಿ, ಆರಿಸಿ, ಡಬ್ಬಿಗೆ ತುಂಬಿ ಬೆಂಗಳೂರಿನ ಬಸ್ಸಿಗೆ ಹಾಕಿದವರು ನಿನ್ನ ಅಮ್ಮ. ಅದನ್ನು ಕಪಾಟಿನ ಹಿಂದೆ ಅಡಗಿಸಬೇಡ.

ಸಸ್ಯಾಹಾರಿಯಾದವರಿಗೆ ವಾಸನೆ ಕಷ್ಟವಾಗುತ್ತದೆ, ನನಗೂ ಆಗುತ್ತದೆ. ಮಲ್ಪೆಯ ಕಡೆ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋದಾಗ ಅಂಗಳದ ತುಂಬ ಮೀನು ಹರಡಿತ್ತು. ನಾನು ಜಗಲಿಯಲ್ಲಿ ಕುಳಿತು ಅವರು ಕೊಟ್ಟ ಎಳನೀರು ಕುಡಿದು, ಅವಳ ತಾಯಿಯ ಜೊತೆ ಒಂದು ಗಂಟೆ ಮಾತನಾಡಿ ಬಂದೆ. ವಾಸನೆ ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಆ ಗೆಳತಿಯ ಜೊತೆ ಒಮ್ಮೆ ಮಾತ್ರ, ಇಬ್ಬರೇ ಇರುವಾಗ ಮಾತನಾಡು: ‘ನೀನು ತಿನ್ನದಿರುವುದು ನಿನ್ನ ಇಷ್ಟ, ಅದಕ್ಕಾಗಿ ನಾನು ಹೊಸ ಪಾತ್ರೆ ಕೊಂಡೆ. ನನ್ನ ಮನೆಯಲ್ಲಿ ನಿಂತು ನನ್ನವರ ಬಗ್ಗೆ ಹಾಗೆ ಮಾತನಾಡಿದ್ದು ನನಗೆ ನೋವಾಯಿತು’. ಇಷ್ಟು ಸಾಕು. ಆಕೆ ನಾಚಿದರೆ ಗೆಳೆತನ ಉಳಿಯುತ್ತದೆ. ‘ತಮಾಷೆಗೆ ಅಂದೆ’ ಎಂದರೆ ಇನ್ನೊಮ್ಮೆ ಮನೆಗೆ ಕರೆಯುವ ಋಣ ನಿನಗಿಲ್ಲ. ಆ ಹೊಸ ಪಾತ್ರೆಯಲ್ಲಿ ಇನ್ನು ಮೇಲೆ ನಿನಗೆ ಬೇಕಾದ್ದನ್ನು ಮಾಡಿಕೊ.

ಪ್ರಶ್ನೆ: ನನಗೆ ಹತ್ತೊಂಬತ್ತು ವರ್ಷ, ಬೆಳಗಾವಿಯಲ್ಲಿ ಓದುತ್ತಿದ್ದೇನೆ. ಗೆಳೆಯನ ಊರಿಗೆ ಹೋಗಿದ್ದೆ. ಅವನ ತಾಯಿ ಹೊಲಿಗೆ ಕೆಲಸದಿಂದ ಬಂದು ಅವಸರದಲ್ಲಿ ಉಪ್ಪಿಟ್ಟು ಮಾಡಿ ಕೊಟ್ಟರು. ನಾನು ‘ಅಯ್ಯೋ, ಉಪ್ಪಿಟ್ಟೇ’ ಎಂದುಬಿಟ್ಟೆ. ಹಾಸ್ಟೆಲಿನಲ್ಲಿ ನಾವೆಲ್ಲ ದಿನಾ ಹಾಗೇ ಅನ್ನುತ್ತೇವೆ. ಗೆಳೆಯ ಮೂರು ವಾರದಿಂದ ಸರಿಯಾಗಿ ಮಾತನಾಡುತ್ತಿಲ್ಲ. ಹೇಗೆ ಕ್ಷಮೆ ಕೇಳಲಿ?

ಉತ್ತರ: ನಿನ್ನ ಪತ್ರ ಓದಿ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. 1988ರ ಆಗಸ್ಟ್ ಮೊದಲ ವಾರ, ಶಿಕ್ಷಕರ ತರಬೇತಿಗೆಂದು ಉಡುಪಿಯಲ್ಲಿದ್ದೆ. ಜೊತೆಯ ಶಿಕ್ಷಕಿಯೊಬ್ಬರು ಊಟಕ್ಕೆ ಕರೆದರು. ಅವರ ವಯಸ್ಸಾದ ತಾಯಿ ಅನ್ನ, ಹೆಸರುಬೇಳೆ ತೊವ್ವೆ, ಕಾಳುಮೆಣಸಿನ ಸಾರು, ಹಪ್ಪಳ, ಮಜ್ಜಿಗೆ ಬಡಿಸಿದರು. ನಾನು ಎಲೆಯ ಮೇಲೆ ಕಣ್ಣಾಡಿಸಿ, ‘ಒಂದೂ ತರಕಾರಿ ಇಲ್ಲವಲ್ಲ, ಇಲ್ಲಿ ಸಂತೆ ನಡೆಯುವುದಿಲ್ಲವೇ?’ ಎಂದೆ. ಯಾರೂ ಉತ್ತರಿಸಲಿಲ್ಲ. ಅದು ನಾಲ್ಕು ತಿಂಗಳ ವ್ರತವಾದ ಚಾತುರ್ಮಾಸ್ಯದ ಮೊದಲ ತಿಂಗಳು, ಶಾಕವ್ರತ. ಆ ತಿಂಗಳು ಅವರಲ್ಲಿ ತರಕಾರಿ, ಸೊಪ್ಪು ಇಲ್ಲ. ಮೆಣಸಿನಕಾಯಿ ಇಲ್ಲದ್ದರಿಂದ ಖಾರಕ್ಕೆ ಕಾಳುಮೆಣಸು. ಮುಂದಿನ ತಿಂಗಳು ಮೊಸರು ಬಿಡುತ್ತಾರೆ, ಅದರ ಮುಂದಿನದರಲ್ಲಿ ಹಾಲು, ಕೊನೆಯದರಲ್ಲಿ ಬೇಳೆಕಾಳು. ಇದನ್ನೆಲ್ಲ ಆ ಶಿಕ್ಷಕಿ ನನಗೆ ಹಿಂದಿರುಗುವ ದಾರಿಯಲ್ಲಿ ಹೇಳಿದರು. ನಾನು ಗೃಹವಿಜ್ಞಾನ ಕಲಿಸುವವಳು, ಅಷ್ಟೂ ತಿಳಿದಿರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಯಾರೂ ಕರೆಯದೆ ಆ ಮನೆಗೆ ಹೋದೆ. ಅಂಗಳದ ಮೆಟ್ಟಿಲ ಮೇಲೆ ನಿಂತು, ‘ನಿನ್ನೆ ತಿಳಿಯದೆ ಮಾತನಾಡಿದೆ ಅಮ್ಮಾ, ತಪ್ಪಾಯಿತು. ಆ ಸಾರು ಮಾಡುವುದನ್ನು ಹೇಳಿಕೊಡುತ್ತೀರಾ’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಕೈಕಾಲು ತೊಳೆದು ಬನ್ನಿ’ ಎಂದರು. ಅವರು ಮಡಿಯಲ್ಲಿದ್ದರು, ನಾನು ಅಡುಗೆಮನೆಯ ಹೊಸ್ತಿಲ ಹೊರಗೆ ಮಣೆಯ ಮೇಲೆ ಕುಳಿತೆ. ಒಳಗೆ ಅವರು ಮೆಣಸು, ಜೀರಿಗೆ ಹುರಿದು ಕುಟ್ಟುತ್ತಾ ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಹುಳಿಗೆ ಒಣಮಾವು. ಅಂದು ಎರಡು ಬಾರಿ ಸಾರು ಹಾಕಿಸಿಕೊಂಡೆ. ಚೆನ್ನಾಗಿದೆ ಎಂದು ಹೇಳುವ ಅಗತ್ಯವೇ ಬರಲಿಲ್ಲ.

ನೀನೂ ಹಾಗೆಯೇ ಮಾಡು. ಗೆಳೆಯನಿಗೆ ಮೊಬೈಲಿನಲ್ಲಿ ಬರೆದು ಕಳಿಸಬೇಡ, ಉಡುಗೊರೆಯೂ ಬೇಡ. ಮಾತು ಆಡಿದ್ದು ಅವನ ತಾಯಿಯ ಮುಂದೆ, ತಪ್ಪೊಪ್ಪಿಕೊಳ್ಳಬೇಕಾದದ್ದೂ ಅವರ ಮುಂದೆ. ಒಂದು ಭಾನುವಾರ ಗೆಳೆಯನ ಜೊತೆ ಊರಿಗೆ ಹೋಗು. ‘ಅಮ್ಮಾ, ಅಂದು ಕೆಲಸ ಮುಗಿಸಿ ದಣಿದು ಬಂದಿದ್ದಿರಿ, ನಾನು ಹಾಗೆ ಅನ್ನಬಾರದಿತ್ತು’ ಎಂದು ಹೇಳು. ಹಾಸ್ಟೆಲಿನಲ್ಲಿ ಎಲ್ಲರೂ ಅನ್ನುತ್ತೇವೆ ಎಂದು ಮಾತ್ರ ಸೇರಿಸಬೇಡ. ಆಮೇಲೆ ಅವರ ಜೊತೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿಕೊಡು, ತಿಂದ ಮೇಲೆ ನಿನ್ನ ತಟ್ಟೆಯನ್ನು ನೀನೇ ತೊಳೆದಿಡು. ಏನಾಯಿತೆಂದು ನನಗೆ ಬರೆ.